ಅಲೆ ಯಂತ್ರದ ರಿಪೇರಿ ಖರ್ಚು: ಲೆಕ್ಕ ಸರಿಹೋದದ್ದು ಹೀಗೆ

ಸ್ಕಾಟ್ಲೆಂಡಿನ ಆರ್ಕ್ನಿಯ ಬಿಲಿಯಾ ಕ್ರೂ ಕಡಲಲ್ಲಿ ತೇಲುವ ಅಲೆ ವಿದ್ಯುತ್ ಯಂತ್ರವೊಂದರ ನಿರ್ವಹಣೆ ಖರ್ಚು ಅಂದಾಜಿಸಬೇಕಿತ್ತು. ಮೊತ್ತ ತೀರಾ ಕಡಿಮೆ ಬರುತ್ತಿತ್ತು. ಬಿರುಗಾಳಿಯ ಜನವರಿಯಲ್ಲಿ ಕೆಟ್ಟರೂ ಮರುದಿನವೇ ರಿಪೇರಿ ಆಗುತ್ತೆ ಅಂತ ಲೆಕ್ಕ!

ಬಂಡವಾಳದ ಶೇಕಡಾ ಇಷ್ಟು ಅಂತ ಹಾಕಿದ್ದು, ಬಿಡಿಭಾಗಗಳ ಬೆಲೆ ಏರಿಸಿದ್ದು, ತಿಂಗಳ ಸರಾಸರಿ ಅಲೆ ಎತ್ತರ ಕೊಟ್ಟಿದ್ದು, ಯಾವುದೂ ಉಪಯೋಗಕ್ಕೆ ಬರಲಿಲ್ಲ. ಸರಾಸರಿಯಲ್ಲಿ ಬಿರುಗಾಳಿ ಕಾಣುವುದಿಲ್ಲ ಅಲ್ವಾ.

ಸರಿಹೋದದ್ದು ಇಆರ್‌ಎ5ರ ಗಂಟೆಗಂಟೆಯ ಡೇಟಾದಿಂದ (ಇದು ಹಿಂದಿನ ವರ್ಷಗಳ ಹವಾಮಾನ, ಅಲೆಗಳ ಜಾಗತಿಕ ದತ್ತಾಂಶ). ಮೊದಲು ರಿಪೇರಿ ಹಡಗು ಕೆಲಸ ಮಾಡಬಹುದಾದ ಗರಿಷ್ಠ ಮಿತಿ ಹಾಕಿದೆ: ಅಲೆ 1.5 ಮೀಟರ್, ಗಾಳಿ ಸೆಕೆಂಡಿಗೆ 10 ಮೀಟರ್. ಆಮೇಲೆ ಎರಡೂ ಮಿತಿಯೊಳಗೆ ಸತತ 12 ಗಂಟೆ ಇರುವ ಅವಧಿಗಳನ್ನಷ್ಟೇ ಉಳಿಸಿದೆ. ಬಿಡಿ ಗಂಟೆಗಳನ್ನು ಸುಮ್ನೆ ಕೂಡಿಸಬೇಡಿ, ಅಷ್ಟರಲ್ಲಿ ಹಡಗು ಹೋಗಿಬರಲಾಗದು. ಪ್ರತಿ ಗಂಟೆಯಲ್ಲೂ ಯಂತ್ರ ಕೆಟ್ಟಿತೆಂದುಕೊಂಡು, ಮುಂದಿನ ಅವಧಿಗೆ ಎಷ್ಟು ಕಾಯಬೇಕೆಂದು ತಿಂಗಳುವಾರು ತೆಗೆದೆ. ಆ ಕಾಯುವ ದಿನಗಳಿಗೆ ಹಡಗಿನ ಬಾಡಿಗೆ, ತಪ್ಪಿಹೋದ ವಿದ್ಯುತ್ತಿನ ಆದಾಯ ಸೇರಿಸಿದೆ. ಬಜೆಟ್ಟಿಗೆ ಸರಾಸರಿ ಸಾಕು. ಮೀಸಲು ಹಣಕ್ಕೆ 90ನೇ ಪರ್ಸೆಂಟೈಲ್ ಇಡಿ, ಅಂದರೆ ನೂರರಲ್ಲಿ ತೊಂಬತ್ತು ಸಲ ಖರ್ಚು ಮೀರದಂಥ ಮೊತ್ತ.