ಒಗರು, ಹುಳಿ, ಕಾಳುಮೆಣಸು: ಅಡಿಲೇಡಿಗೆ ಬಂದವರಿಗೆ ವೈನ್ ರುಚಿಯ ಪರಿಚಯ

ಅಡಿಲೇಡಿಗೆ ಬಂದು ಕೆಲವು ತಿಂಗಳಾಗುವಷ್ಟರಲ್ಲಿ ಆಫೀಸಿನವರೋ ಪಕ್ಕದ ಮನೆಯವರೋ ನಿಮ್ಮನ್ನು ಬರೋಸಾ ಕಣಿವೆಗೆ ಕರೆದೇ ಕರೆಯುತ್ತಾರೆ. ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ವೈನರಿಯವರ ರುಚಿ ನೋಡುವ ಕೋಣೆಗೆ ಇಲ್ಲಿ ‘ಸೆಲ್ಲರ್ ಡೋರ್’ ಎನ್ನುತ್ತಾರೆ. ಅಲ್ಲಿ ಒಂದಾದ ಮೇಲೊಂದು ವೈನ್ ಸುರಿದು ‘ಹೇಗಿದೆ?’ ಎಂದು ಕೇಳುತ್ತಾರೆ. ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ ಎಂದು ನಾವು ತಿಂದೇ ಇರದ ಹಣ್ಣುಗಳ ಹೆಸರಿಗಾಗಿ ತಡಕಾಡಬೇಡಿ. ನಮ್ಮ ನಾಲಿಗೆ ಬಲ್ಲ ಮಾತುಗಳೇ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಮೊದಲನೆಯದು ಒಗರು. ನೇರಳೆ ಹಣ್ಣು ತಿಂದಾಗ ನಾಲಿಗೆ, ಒಸಡು ಹಿಡಿದುಕೊಂಡಂತೆ ಆಗುತ್ತದಲ್ಲ, ರೆಡ್ ವೈನಿನ ಟ್ಯಾನಿನ್ ಎಂದರೆ ಅದೇ. ಕೆಂಪು ವೈನನ್ನು ದ್ರಾಕ್ಷಿಯ ಸಿಪ್ಪೆಯ ಜೊತೆಗೇ ಹುದುಗಿಸುವುದರಿಂದ ಬಣ್ಣವೂ ಒಗರೂ ಒಟ್ಟಿಗೆ ಇಳಿಯುತ್ತವೆ. ದ್ರಾಕ್ಷಿ ಚೆನ್ನಾಗಿ ಮಾಗಿದ್ದರೆ ಒಗರು ನವಿರಾಗಿ ಬಾಯಿತುಂಬ ಹರಡುತ್ತದೆ, ಇಲ್ಲದಿದ್ದರೆ ಹಸಿ ಬಾಳೆಕಾಯಿ ಕಚ್ಚಿದ ಹಾಗೆ ಒರಟು. ಬಿಳಿ ವೈನಿಗೆ ಸಿಪ್ಪೆ ಬೇರ್ಪಡಿಸಿ ರಸವನ್ನಷ್ಟೇ ಹುದುಗಿಸುತ್ತಾರೆ. ಅಲ್ಲಿ ಗಮನಿಸಬೇಕಾದ್ದು ಹುಳಿ. ನುಂಗಿದ ಮೇಲೂ ಬಾಯಲ್ಲಿ ನೀರೂರುತ್ತಿದ್ದರೆ ಹುಳಿ ಜೀವಂತವಾಗಿದೆ ಎಂದರ್ಥ.

ಘಮದ ವಿಷಯದಲ್ಲಿ ನಮಗೆ ಇನ್ನೂ ಅನುಕೂಲ. ಶಿರಾಜ್ ಎಂಬ ಕೆಂಪು ದ್ರಾಕ್ಷಿಯ ಕೆಲವು ವೈನ್‌ಗಳಲ್ಲಿ, ಅದರಲ್ಲೂ ವಿಕ್ಟೋರಿಯಾದ ಗ್ರಾಂಪಿಯನ್ಸ್‌ನಂಥ ತಂಪು ಸೀಮೆಯವುಗಳಲ್ಲಿ, ಕಾಳುಮೆಣಸಿನ ವಾಸನೆ ಸ್ಪಷ್ಟವಾಗಿ ಬರುತ್ತದೆ. ಇದು ಬರೀ ಹೋಲಿಕೆಯಲ್ಲ. ಅಡಿಲೇಡಿನ ಆಸ್ಟ್ರೇಲಿಯನ್ ವೈನ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನವರು ಅದಕ್ಕೆ ಕಾರಣ ರೊಟಂಡೋನ್ ಎಂಬ ವಸ್ತು ಎಂದು 2008ರಲ್ಲಿ ಪ್ರಕಟಿಸಿದರು. ಮೆಣಸಿನ ಕಾಳಿನಲ್ಲಿರುವುದೂ ಅದೇ. ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಅದು ತಿಳಿಯುವುದೇ ಇಲ್ಲ, ಹಾಗಾಗಿ ನಿಮಗೆ ಸಿಗದಿದ್ದರೆ ಬೇಸರ ಬೇಡ. ಕೂನವಾರಾ ಸೀಮೆಯ ಕೆಂಪು ಮಣ್ಣಿನಲ್ಲಿ ಬೆಳೆದ ಕ್ಯಾಬರ್ನೇ ಎಂಬ ಕೆಂಪು ವೈನಿನಲ್ಲಿ ಒಮ್ಮೊಮ್ಮೆ ನೀಲಗಿರಿ ಎಣ್ಣೆಯ ಎಳೆ ಇರುತ್ತದೆ. ತೋಟದ ಅಂಚಿನಲ್ಲಿ ನೀಲಗಿರಿ ಮರಗಳಿದ್ದರೆ ಹತ್ತಿರದ ಬಳ್ಳಿಗಳಿಗೆ ಆ ವಾಸನೆ ನಿಜಕ್ಕೂ ಅಂಟುತ್ತದೆ. ಕ್ಲೇರ್ ಕಣಿವೆಯ ರೀಸ್ಲಿಂಗ್ ಎಂಬ ಬಿಳಿ ವೈನನ್ನು ಮೂಸಿದರೆ ನಿಂಬೆಯ ಸಿಪ್ಪೆಯನ್ನು ಉಗುರಿನಿಂದ ಗೀರಿದಂತೆ. ಹಳತಾದಾಗ ಅದರಲ್ಲಿ ಸೀಮೆಎಣ್ಣೆಯ ವಾಸನೆ ಸುಳಿಯುತ್ತದೆ, ಕೆಟ್ಟಿದೆ ಎಂದುಕೊಳ್ಳಬೇಡಿ. ನೆನೆದ ರಟ್ಟಿನ ವಾಸನೆ ಬಂದರೆ ಮಾತ್ರ ಅದು ಕಾರ್ಕಿನ ದೋಷ; ಕೂಡಲೇ ಹೇಳಿ, ಬೇರೆ ಬಾಟಲಿ ತೆರೆಯುತ್ತಾರೆ.

ಇಲ್ಲಿನ ವೈನ್ ಸ್ಪರ್ಧೆಗಳಲ್ಲಿ ಬಹುಕಾಲ 20 ಅಂಕಗಳ ಪದ್ಧತಿ ನಡೆದುಬಂದಿತ್ತು: ಬಣ್ಣಕ್ಕೆ 3, ಘಮಕ್ಕೆ 7, ಬಾಯಿರುಚಿಗೆ 10. ಮನೆಯಲ್ಲಿ ಅಭ್ಯಾಸಕ್ಕೆ ನಾನು ಈಗಲೂ ಅದನ್ನೇ ಹಿಡಿಯುತ್ತೇನೆ. ಗ್ಲಾಸನ್ನು ಬಿಳಿ ಕಾಗದದ ಮೇಲೆ ಓರೆಮಾಡಿ ಅಂಚು ನೋಡಿ. ವಯಸ್ಸಾದಂತೆ ಕೆಂಪು ವೈನ್ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಬಿಳಿ ವೈನ್ ಹೊಂಬಣ್ಣಕ್ಕೆ. ಕೊನೆಗೆ ರುಚಿ ಎಷ್ಟು ಹೊತ್ತು ಉಳಿಯಿತು ಎಂದು ಗಮನಿಸಿ. ಒಳ್ಳೆಯ ಫಿಲ್ಟರ್ ಕಾಫಿ ಕುಡಿದಾದ ಮೇಲೂ ಬಾಯಲ್ಲಿ ನಿಲ್ಲುವಂತೆ ಒಳ್ಳೆಯ ವೈನೂ ನಿಲ್ಲಬೇಕು.

ಉಗುಳಲು ಸಂಕೋಚ ಪಡಬೇಡಿ. ನಾಲ್ಕು ಜನರೆದುರು ಎಂಜಲು ಉಗುಳುವುದು ನಮಗೆ ಹಿಂಸೆಯೇ, ಆದರೆ ಇಲ್ಲಿ ಅದಕ್ಕೆಂದೇ ಪಾತ್ರೆ ಇಟ್ಟಿರುತ್ತಾರೆ. ಶೇಕಡಾ 13 ಮದ್ಯಾಂಶದ ವೈನ್ 100 ಮಿ.ಲೀ. ಕುಡಿದರೆ ಒಂದು ‘ಸ್ಟ್ಯಾಂಡರ್ಡ್ ಡ್ರಿಂಕ್’ (ಕುಡಿದ ಮದ್ಯವನ್ನು ಲೆಕ್ಕ ಹಾಕಲು ಇಲ್ಲಿ ಬಳಸುವ ಅಳತೆ) ಆಯಿತು. ಗಾಡಿ ಓಡಿಸಲು ರಕ್ತದಲ್ಲಿ ಮದ್ಯದ ಪ್ರಮಾಣ 0.05ಕ್ಕಿಂತ ಕಡಿಮೆ ಇರಬೇಕು, ಹೊಸದಾಗಿ ಲೈಸೆನ್ಸ್ ಪಡೆದ ‘ಪಿ’ ಪ್ಲೇಟಿನವರಿಗೆ ಸೊನ್ನೆ. ಓಡಿಸುವವರನ್ನು ಮನೆಯಲ್ಲೇ ಗೊತ್ತುಮಾಡಿಕೊಂಡು ಹೊರಡಿ. ಕುಡಿಯದವರು ಬರೀ ಮೂಸಿ ನೋಡಿದರೂ ಯಾರೂ ಒತ್ತಾಯ ಮಾಡುವುದಿಲ್ಲ. ಸಸ್ಯಾಹಾರಿಗಳು ಮಾತ್ರ ಒಂದು ಮಾತು ಕೇಳಿಯೇ ಗ್ಲಾಸು ಹಿಡಿಯಿರಿ: ವೈನ್ ತಿಳಿಗೊಳಿಸಲು ಮೊಟ್ಟೆಯ ಬಿಳಿ, ಹಾಲಿನ ಅಂಶ, ಮೀನಿನ ಅಂಟು ಬಳಸುವುದುಂಟು. ‘ವೀಗನ್’ ಎಂದು ಬರೆದಿದ್ದರೆ ಚಿಂತೆಯಿಲ್ಲ.

ಫೋಟೋ ತೆಗೆಯಲೆಂದು ಬಳ್ಳಿಗಳ ಸಾಲಿನೊಳಗೆ ನುಗ್ಗಬೇಡಿ. ಬೇರು ತಿನ್ನುವ ಫಿಲಾಕ್ಸೆರಾ ಕೀಟ ಈ ದಕ್ಷಿಣ ಆಸ್ಟ್ರೇಲಿಯಾ ರಾಜ್ಯಕ್ಕೆ ಕಾಲಿಡದ್ದರಿಂದಲೇ 1840ರ ದಶಕದ ಶಿರಾಜ್ ಬಳ್ಳಿಗಳು ಬರೋಸಾದಲ್ಲಿ ಇಂದಿಗೂ ಫಲ ಬಿಡುತ್ತಿವೆ. ಆ ಕೀಟ ಬೂಟಿನ ಮಣ್ಣಿನಲ್ಲೂ ಬರಬಲ್ಲದು.

ನಮ್ಮ ಊಟಕ್ಕೆ ಯಾವುದು ಎಂದರೆ, ಮೊದಲು ರೀಸ್ಲಿಂಗ್ ತನ್ನಿ. ಖಾರದ ಜೊತೆ ಮದ್ಯಾಂಶ ಹೆಚ್ಚಿರುವ ಶಿರಾಜ್ ಕುಡಿದರೆ ಬಾಯಿ ಇನ್ನಷ್ಟು ಉರಿಯುತ್ತದೆ. ಬಿಸಿಬೇಳೆಬಾತಿನ ಹುಣಸೆಗೆ ರೀಸ್ಲಿಂಗಿನ ಹುಳಿ ಸರಿಜೋಡಿ. ಉಳಿದದ್ದಕ್ಕೆ ಮುಚ್ಚಳ ತಿರುಗಿಸಿ ಫ್ರಿಜ್‌ನಲ್ಲಿಡಿ, ಎರಡು ಮೂರು ದಿನ ಚೆನ್ನಾಗಿರುತ್ತದೆ.