ಪಿಕಪ್ ಹೆಡ್‌ಲೈಟ್ ಮಂಕಾಗಿದೆಯಾ? ಬಲ್ಬ್ ಕೊಳ್ಳುವ ಮೊದಲು ವೈರ್ ನೋಡಿ

ರಾತ್ರಿ ಒಂಬತ್ತರ ಮೇಲೆ ಅಣ್ಣಿಗೇರಿ ದಾಟಿ ಗದಗ ಕಡೆ ಗಾಡಿ ಓಡಿಸಿದವರಿಗೆ ಇದು ಗೊತ್ತು. ಎರಡೂ ಕಡೆ ಎರೆಹೊಲ, ದೂರದಲ್ಲೊಂದು ಊರಿನ ದೀಪ, ಅಷ್ಟೇ. ಅಂಥ ಕತ್ತಲಲ್ಲಿ ಹೊಟ್ಟು ಹೇರಿಕೊಂಡು, ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಏಕದಂ ಎದುರಿಗೆ ಬರುತ್ತದೆ. ನಿಮ್ಮ ಹೆಡ್‌ಲೈಟ್ ಮಂಕಾಗಿದ್ದರೆ ಬ್ರೇಕ್ ಒತ್ತಲು ಜಾಗವೇ ಉಳಿಯುವುದಿಲ್ಲ.

ನನಗೂ ಹಾಗೇ ಆಯಿತು. ಉಳ್ಳಾಗಡ್ಡಿ ಚೀಲ ಹೇರಿಕೊಂಡು ಅಮರಗೋಳ ಎಪಿಎಂಸಿಗೆ ಬರುವಾಗ ಕೂದಲೆಳೆಯಲ್ಲಿ ಪಾರಾದೆ. ಮರುದಿನವೇ ಒಂದು ಅಂಗಡಿಗೆ ಹೋಗಿ ‘ಎಲ್ಲಕ್ಕಿಂತ ಜಾಸ್ತಿ ಬೆಳಕಿನದು ಕೊಡಿ’ ಅಂದೆ. ಅವರು ಕೊಟ್ಟಿದ್ದು 100/90 ವಾಟ್ ಬಲ್ಬ್. ಮೂರು ವಾರ ಚೆನ್ನಾಗಿಯೇ ಉರಿಯಿತು. ಆಮೇಲೆ ಒಂದು ರಾತ್ರಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ಬಲಗಡೆ ಲೈಟ್ ಹೋಯಿತು. ಬಾನೆಟ್ ತೆಗೆದು ನೋಡಿದರೆ ಬಲ್ಬಿಗೆ ಸಿಕ್ಕಿಸುವ ಕಪ್ಲರ್ ಕರಗಿ ಬೆಲ್ಲದ ಪಾಕದ ಹಾಗೆ ಪಿನ್ನಿಗೆ ಅಂಟಿಕೊಂಡಿತ್ತು. ವೈರಿನ ಮೇಲಿನ ಸಿಪ್ಪೆ ಎರಡು ಇಂಚು ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು.

ಗಬ್ಬೂರು ಬೈಪಾಸ್ ಹತ್ತಿರ ಒಬ್ಬ ವಯಸ್ಸಾದ ಆಟೊ ಎಲೆಕ್ಟ್ರಿಷಿಯನ್ ವೋಲ್ಟ್ ಅಳೆಯುವ ಮೀಟರ್ ಹಿಡಿದು ಐದು ನಿಮಿಷ ನೋಡಿ ಹೇಳಿದರು: “ಬಲ್ಬಿಂದೇನೂ ತಪ್ಪಿಲ್ರಿ ಅಣ್ಣಾರ, ಕರೆಂಟ್ ಹಾದ್ಯಾಗ ಸಾಯಾಕತ್ತೈತಿ.” ಬ್ಯಾಟರಿಯಲ್ಲಿ 13.8 ವೋಲ್ಟ್ ಇತ್ತು. ಬಲ್ಬಿನ ಹತ್ತಿರ ಬರುವಷ್ಟರಲ್ಲಿ ಅದು 12 ಆಗಿತ್ತು.

ಹೆಚ್ಚುಕಮ್ಮಿ ಎರಡು ವೋಲ್ಟ್ ಅಷ್ಟೇ ಅಲ್ವಾ ಅನ್ನಬೇಡಿ. ಹ್ಯಾಲೊಜನ್ ಬಲ್ಬಿನ ಸ್ವಭಾವವೇ ಬೇರೆ. ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ಅದರ ಸುಮಾರು ಮೂರು ಪಟ್ಟು ಇಳಿಯುತ್ತದೆ. ಹತ್ತು ಪರ್ಸೆಂಟ್ ವೋಲ್ಟ್ ಹೋದರೆ ಸುಮಾರು ಮೂವತ್ತು ಪರ್ಸೆಂಟ್ ಬೆಳಕು ಹೋಯಿತು ಅಂತಲೇ ಲೆಕ್ಕ. ನನ್ನ ಗಾಡಿಯಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬೆಳಕು ವೈರಿನಲ್ಲೇ ಕಳೆದುಹೋಗುತ್ತಿತ್ತು. ಅದಕ್ಕೇ ಹೇಳುತ್ತಿದ್ದೇನೆ, ಬಲ್ಬಿನ ಮಾತು ಆಮೇಲೆ.

ಮೊದಲು ಗಾಜು, ಆಮೇಲೆ ಮೀಟರ್

ಹೆಡ್‌ಲೈಟ್ ಗಾಜು ಅಂತ ನಾವು ಕರೆಯುವುದು ಈಗಿನ ಗಾಡಿಗಳಲ್ಲಿ ಪ್ಲಾಸ್ಟಿಕ್. ಬಿಸಿಲಿಗೆ ಅದು ಹಳದಿಯಾಗುತ್ತದೆ. 1000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ), ಆಮೇಲೆ 2000, ಕೊನೆಗೆ ಪಾಲಿಶ್. ನೀರು ಹಾಕಿಕೊಂಡೇ ಉಜ್ಜಬೇಕು. ಒಳಗೆ ಬೆಳಕನ್ನು ಮುಂದಕ್ಕೆ ಚಿಮ್ಮಿಸುವ ಹೊಳೆಯುವ ಬಟ್ಟಲು, ಅಂದರೆ ರಿಫ್ಲೆಕ್ಟರ್, ಕಪ್ಪಾಗಿದ್ದರೆ ಮಾತ್ರ ಯಾವ ಬಲ್ಬ್ ಹಾಕಿದರೂ ಪ್ರಯೋಜನ ಇಲ್ಲ, ಹೆಡ್‌ಲೈಟನ್ನೇ ಬದಲಿಸಿ.

ಇನ್ನು ವೋಲ್ಟೇಜ್. ಎಂಜಿನ್ ಚಾಲೂ ಇಟ್ಟು, ಹೆಡ್‌ಲೈಟ್ ಹಚ್ಚಿ, ಮೊದಲು ಬ್ಯಾಟರಿ ಮೇಲೆ ಅಳೆಯಿರಿ. ಆಮೇಲೆ ಬಲ್ಬ್ ಉರಿಯುತ್ತಿರುವಾಗಲೇ ಕಪ್ಲರಿನ ಹಿಂದಿನಿಂದ ಮೀಟರ್ ಕಡ್ಡಿ ತೂರಿಸಿ ಅಳೆಯಿರಿ. ಬಹಳ ಜನ ಬಲ್ಬ್ ಬಿಚ್ಚಿ, ಖಾಲಿ ಕಪ್ಲರಿನಲ್ಲಿ ನೋಡಿ ‘ಫುಲ್ ಇದೆ’ ಅನ್ನುತ್ತಾರೆ. ಅದು ಮೋಸ. ಬಲ್ಬ್ ಕರೆಂಟ್ ಎಳೆಯುವಾಗ ಮಾತ್ರ ನಿಜ ಗೊತ್ತಾಗುವುದು. ಎರಡಕ್ಕೂ ಅರ್ಧ ವೋಲ್ಟಿನೊಳಗೆ ಫರಕ್ ಇದ್ದರೆ ಒಳ್ಳೆಯದು. ಒಂದು ವೋಲ್ಟ್ ದಾಟಿದರೆ ಮೊದಲು ಅರ್ಥ್ ವೈರ್ ನೋಡಿ. ಬಾಡಿಗೆ ಬೋಲ್ಟ್ ಹಾಕಿ ಕೂರಿಸಿದ ಜಾಗದಲ್ಲಿ ತುಕ್ಕು ಹಿಡಿದಿರುತ್ತದೆ. ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕೂರಿಸಿ. ನನ್ನ ಗಾಡಿಯಲ್ಲಿ ಅರ್ಧ ತೊಂದರೆ ಅಲ್ಲೇ ಇತ್ತು.

ಉಳಿದ ಅರ್ಧಕ್ಕೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ಆನ್ ಆಗುವ ಸ್ವಿಚ್. ಹಳೆಯ ಎಷ್ಟೋ ಗಾಡಿಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟ್ ಸ್ಟಿಯರಿಂಗ್ ಹತ್ತಿರದ ಸ್ವಿಚ್ಚಿನವರೆಗೆ ಹೋಗಿ, ಮತ್ತೆ ಮುಂದೆ ಬರುತ್ತದೆ, ಅದೂ ತೆಳ್ಳನೆಯ ವೈರಿನಲ್ಲಿ. ರಿಲೇ ಹಾಕಿದರೆ ಸ್ವಿಚ್ಚಿನಿಂದ ಸಣ್ಣ ಕರೆಂಟ್ ಬಂದು ರಿಲೇ ಆನ್ ಮಾಡುತ್ತದೆ ಅಷ್ಟೇ, ಬಲ್ಬಿನ ದೊಡ್ಡ ಕರೆಂಟ್ ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ನೇರ ಹೋಗುತ್ತದೆ. ಡಿಮ್‌ಗೆ ಒಂದು, ಹೈಗೆ ಒಂದು, ಎರಡು ರಿಲೇ ಬೇಕು. ವೈರ್ 2.5 ಸ್ಕ್ವೇರ್ ಎಂ.ಎಂ. ಇರಲಿ. ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿಸಿ, ಇದನ್ನು ಬಿಡಲೇಬೇಡಿ. ಫ್ಯೂಸ್ ಇಲ್ಲದೆ ವೈರ್ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಗಾಡಿಗೇ ಬೆಂಕಿ. ಕೆಲವು ಗಾಡಿಗಳಿಗೆ ರಿಲೇ ಕಂಪನಿಯಿಂದಲೇ ಬಂದಿರುತ್ತದೆ, ಖರ್ಚು ಮಾಡುವ ಮೊದಲು ಕೇಳಿ.

ಈಗ ಬಲ್ಬ್

ಹಳೆಯ ಬಲ್ಬಿನ ಬುಡದಲ್ಲಿ ಬರೆದಿದ್ದನ್ನು ಓದಿ. ಡಿಮ್ಮೂ ಹೈಯೂ ಒಂದೇ ಬಲ್ಬಿನಲ್ಲಿ ಇರುವ, ಹಿಂದೆ ಮೂರು ಪಿನ್ ಇರುವ ಬಲ್ಬ್ ಆದರೆ ಅದು ಎಚ್4. ಅದರ ಮೇಲೆ 12 ವೋಲ್ಟ್, 60/55 ವಾಟ್ ಅಂತ ಇರುತ್ತದೆ. ಹೈ ಬೀಮಿಗೆ 60, ಡಿಮ್‌ಗೆ 55. ಹೊಸದೂ ಅಷ್ಟೇ ವಾಟ್ ಇರಬೇಕು.

ಲೆಕ್ಕ ಹಾಕಿ ನೋಡಿ. 60 ವಾಟಿನ ಎರಡು ಬಲ್ಬ್ ಅಂದರೆ 10 ಆಂಪಿಯರ್. 100 ವಾಟಿನ ಎರಡು ಅಂದರೆ ಹತ್ತಿರ ಹತ್ತಿರ 17. ಕಂಪನಿ ವೈರ್, ಸ್ವಿಚ್, ಕಪ್ಲರ್ ಯಾವುದೂ ಇಷ್ಟಕ್ಕೆ ಮಾಡಿದ್ದಲ್ಲ. ಶಾಖಕ್ಕೆ ರಿಫ್ಲೆಕ್ಟರಿನ ಹೊಳಪೂ ಸುಟ್ಟುಹೋಗುತ್ತದೆ. ನನ್ನ ಕಪ್ಲರ್ ಕರಗಿದ್ದು ಇದಕ್ಕೇ.

ಹಾಗಾದರೆ ಅದೇ ವಾಟಿನಲ್ಲಿ ಜಾಸ್ತಿ ಬೆಳಕು ಸಿಗುತ್ತದಾ? ಸಿಗುತ್ತದೆ. ಫಿಲಿಪ್ಸ್, ಓಸ್ರಾಮ್ ತರಹದ ಕಂಪನಿಗಳ ಡಬ್ಬಿ ಮೇಲೆ +30, +100, +130 ಅಂತ ಇರುವುದು ಇಂಥ ಬಲ್ಬ್‌ಗಳೇ. ಇವುಗಳ ಫಿಲಮೆಂಟನ್ನು, ಅಂದರೆ ಒಳಗೆ ಉರಿಯುವ ತಂತಿಯನ್ನು, ಬಿಗಿಯಾಗಿ ಸುತ್ತಿರುತ್ತಾರೆ, ಅದಕ್ಕೆ ಬೆಳಕು ದೂರ ಹೋಗುತ್ತದೆ. ಆದರೆ +130 ಅಂದರೆ ಒಟ್ಟು ಬೆಳಕು ಎರಡು ಪಟ್ಟಿಗಿಂತ ಜಾಸ್ತಿ ಅಂತಲ್ಲ, ರಸ್ತೆಯ ಮೇಲೆ ಕೆಲವು ಜಾಗದಲ್ಲಿ ಮಾತ್ರ ಅಷ್ಟು ಜಾಸ್ತಿ. ಆಯುಷ್ಯವೂ ಕಡಿಮೆ. ದಿನಾ ರಾತ್ರಿ ಓಡುವ, ಹೊಲದ ದಾರಿಯಲ್ಲಿ ಕುಲುಕಾಡುವ ಪಿಕಪ್ಪಿಗೆ +30 ಸಾಕು ಅಂತ ನನ್ನ ಅಭಿಪ್ರಾಯ. ವೈರಿಂಗ್ ಸರಿ ಇದ್ದರೆ ಅದೇ ಧಾರಾಳ.

ನೀಲಿ ಬಣ್ಣ ಬಳಿದ ಬಲ್ಬ್ ಬೇಡ. ಆ ಬಣ್ಣ ಬೆಳಕನ್ನು ಸೋಸಿ ತಡೆಯುತ್ತದೆ, ಅಂದರೆ ದುಡ್ಡು ಕೊಟ್ಟು ಬೆಳಕು ಕಡಿಮೆ ಮಾಡಿಕೊಂಡ ಹಾಗೆ. ಕಲಘಟಗಿ ಕಡೆ ಮಳೆಗಾಲದಲ್ಲಿ ಒಮ್ಮೆ ಹೋಗಿ ಬಂದರೆ ಮಾಮೂಲಿ ಹಳದಿ ಬೆಳಕೇ ಹಿತ ಅನ್ನಿಸುತ್ತದೆ.

ಎಲ್‌ಇಡಿ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಹ್ಯಾಲೊಜನ್‌ಗೆ ಅಂತ ಮಾಡಿದ ರಿಫ್ಲೆಕ್ಟರಿನಲ್ಲಿ ಬೇಡ. ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ. ಡಿಮ್ ಫಿಲಮೆಂಟಿನ ಕೆಳಗೆ ಚಮಚದ ತರಹ ಒಂದು ಸಣ್ಣ ತಗಡಿದೆ. ಬೆಳಕು ಮೇಲಕ್ಕೆ ಹಾರಿ ಎದುರಿನವರ ಕಣ್ಣಿಗೆ ಹೊಡೆಯದ ಹಾಗೆ ತಡೆಯುವುದು ಅದೇ. ಫಿಲಮೆಂಟ್ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಬೀಮ್ ಕೆಡುತ್ತದೆ. ಎಲ್‌ಇಡಿಯಲ್ಲಿ ಬೆಳಕು ಚಪ್ಪಟೆ ಚಿಪ್‌ಗಳಿಂದ ಎರಡು ಬದಿಗೆ ಬರುತ್ತದೆ, ಹೀಗಾಗಿ ಎಲ್ಲೆಲ್ಲೋ ಚೆಲ್ಲುತ್ತದೆ. ಗಾಡಿ ಮುಂದೆ ಹತ್ತು ಮೀಟರ್ ಝಗಝಗ ಕಂಡು ಖುಷಿಯಾಗುತ್ತದೆ, ದೂರದಲ್ಲಿ ಕತ್ತಲೆಯೇ. ಎದುರಿಗೆ ಬೈಕ್ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬರುವವನಿಗೆ ರಸ್ತೆಯೇ ಕಾಣುವುದಿಲ್ಲ. ಅವನೂ ಮನೆ ಮುಟ್ಟಬೇಕು.

ಹಾಕುವಾಗ ಬಲ್ಬಿನ ಗಾಜು ಮುಟ್ಟಬೇಡಿ, ಬುಡ ಹಿಡಿಯಿರಿ. ಕೈಯ ಜಿಡ್ಡು ಅಂಟಿದ ಕಡೆ ಗಾಜು ಜಾಸ್ತಿ ಕಾದು ಬಲ್ಬ್ ಬೇಗ ಹೋಗುತ್ತದೆ. ಮುಟ್ಟಿದರೆ ಸ್ಪಿರಿಟ್‌ನಿಂದ ಒರೆಸಿ. ಬುಡದ ತಗಡಿನಲ್ಲಿ ಕಿವಿಯ ಹಾಗೆ ಚಾಚಿರುವ ಮೂರು ತುದಿಗಳಲ್ಲಿ ಅಗಲವಾದದ್ದು ಮೇಲ್ಗಡೆ ಬರಬೇಕು. ಹಿಂದಿನ ರಬ್ಬರ್ ಕವರ್ ಸರಿಯಾಗಿ ಕೂರಿಸಿ, ಇಲ್ಲದಿದ್ದರೆ ನೀರು, ಧೂಳು ಒಳಗೆ ಹೋಗುತ್ತವೆ.

ಗೋಡೆ ಮುಂದೆ ನಿಲ್ಲಿಸಿ

ಹೊಸ ಬಲ್ಬ್ ಹಾಕಿದ ಮೇಲೆ ಬೀಮ್ ಹೊಂದಿಸದೆ ರಸ್ತೆಗೆ ಇಳಿಯಬೇಡಿ. ಸಂಜೆ ಕತ್ತಲಾದ ಮೇಲೆ ಗೋದಾಮಿನ ಗೋಡೆ ಸಾಕು. ಸಮತಟ್ಟು ನೆಲದಲ್ಲಿ ಗೋಡೆಯಿಂದ 25 ಅಡಿ ದೂರ ಗಾಡಿ ನಿಲ್ಲಿಸಿ. ನೆಲದಿಂದ ಹೆಡ್‌ಲೈಟಿನ ನಡುಮಧ್ಯಕ್ಕೆ ಎಷ್ಟು ಎತ್ತರ ಅಳೆದು, ಗೋಡೆ ಮೇಲೆ ಅಷ್ಟೇ ಎತ್ತರಕ್ಕೆ ಚಾಕ್‌ಪೀಸಿನಿಂದ ಗೆರೆ ಎಳೆಯಿರಿ. ಡಿಮ್ ಹಚ್ಚಿದಾಗ ಬೆಳಕಿನ ಮೇಲಂಚು ಆ ಗೆರೆಗಿಂತ ಸುಮಾರು 3 ಇಂಚು ಕೆಳಗೆ ಬೀಳಬೇಕು. ಬಲಗಡೆ ಅಂಚು ಸಪಾಟಾಗಿ, ಎಡಗಡೆ ಸ್ವಲ್ಪ ಮೇಲೇರಿ ಕಂಡರೆ ಸರಿ. ನಾವು ಎಡಕ್ಕೆ ಓಡಿಸುವುದರಿಂದ ರಸ್ತೆ ಬದಿಯ ಜನ, ದನ ಕಾಣಲಿ ಅಂತ ಹಾಗೆ ಮಾಡಿರುತ್ತಾರೆ.

ಪಿಕಪ್‌ನವರು ಇನ್ನೊಂದು ನೋಡಬೇಕು. ಲೋಡ್ ಹಾಕಿದ ಕೂಡಲೇ ಹಿಂಭಾಗ ಕುಸಿದು ಮುಂಭಾಗ ಎದ್ದು, ಡಿಮ್ ಲೈಟೇ ಹೈ ಆಗಿಬಿಡುತ್ತದೆ. ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಒಯ್ಯುವವರು, ನಮ್ಮ ಹಾಗೆ ಉಳ್ಳಾಗಡ್ಡಿ ಹೇರುವವರು, ಚೀಲ ತುಂಬಿದ ಮೇಲೆ ಅದೇ ಗೋಡೆ ಮುಂದೆ ಇನ್ನೊಮ್ಮೆ ನಿಲ್ಲಿಸಿ ನೋಡಿ. ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಇಳಿಸುವ ಗುಂಡಿ ಇದ್ದರೆ ಎಷ್ಟು ತಿರುಗಿಸಿದಾಗ ಬೀಮ್ ಸರಿ ಬಂತು ಅಂತ ಗುರುತು ಮಾಡಿಕೊಳ್ಳಿ. ಇಲ್ಲದಿದ್ದರೆ ಲೋಡ್ ಇರುವಾಗಲೇ ಹೆಡ್‌ಲೈಟಿನ ಬೀಮ್ ಹೊಂದಿಸುವ ಸ್ಕ್ರೂ ತಿರುಗಿಸಿ ಸರಿಮಾಡಿ, ಯಾಕೆಂದರೆ ರಾತ್ರಿ ನೀವು ಓಡಿಸುವುದು ಹೆಚ್ಚಾಗಿ ಲೋಡ್ ಮೇಲೆಯೇ.

ಬಿಚ್ಚಿದ ಹಳೆಯ ಬಲ್ಬ್ ಇನ್ನೂ ಉರಿಯುತ್ತಿದ್ದರೆ ಎಸೆಯಬೇಡಿ. ಹೊಸ ಡಬ್ಬಿಯಲ್ಲೇ ಸುತ್ತಿ ಸೀಟಿನ ಕೆಳಗೆ ಇಟ್ಟುಕೊಳ್ಳಿ.