ಗೆಂಡೆ ಬೆಳೆಯದೆ ಮೊಟ್ಟೆಗೆ ಬಂದರೆ
ಶಿರಸಿ ಕಡೆ ತೋಟದ ಕೆರೆಗೆ ಗೆಂಡೆ ಮೀನು (ಕಾಮನ್ ಕಾರ್ಪ್) ಬಿಡುವವರು ತಳಿ ಯಾವುದೆಂದು ಕೇಳಿಯೇ ಮರಿ ತನ್ನಿ. ಹಳೆಯ ಸಾಮಾನ್ಯ ಗೆಂಡೆ ಆರು ತಿಂಗಳಿಗೇ ಮೊಟ್ಟೆಯಿಡುವಷ್ಟು ಬಲಿಯುತ್ತದೆ. ತಿಂದದ್ದು ಮೈಗೆ ಹತ್ತದೆ ಮೊಟ್ಟೆಗೆ ಹೋಗುತ್ತದೆ. ಹಂಗೇರಿಯಿಂದ ಬಂದ ಅಮೂರ್ ತಳಿ ಬಲಿಯುವುದು ತಡ, ಅಷ್ಟರಲ್ಲಿ ತೂಕ ಬಂದಿರುತ್ತದೆ. 4 ಇಂಚಿನ ಮರಿ, ಗುಂಟೆಗೆ 50 ಸಾಕು.

ತಿಂಗಳಿಗೊಮ್ಮೆ ಬಲೆ ಎಳೆದು, ಹೊಟ್ಟೆಯನ್ನು ಬಾಲದ ಕಡೆಗೆ ಮೆಲ್ಲಗೆ ಸವರಿ ನೋಡಿ. ಹಾಲಿನಂಥ ದ್ರವ ಜಿನುಗಿದರೆ ಗಂಡು ಬಲಿತಿದೆ. ಕೂಡಲೇ ಜೊಂಡು, ನೀರಗಿಡ ಪೂರಾ ತೆಗೆಯಿರಿ. ಮೊಟ್ಟೆ ಅಂಟುವುದು ಅದಕ್ಕೇ. ಬಿಟ್ಟರೆ ಮರಿ ತುಂಬಿ, ಹಾಕಿದ ತೌಡು-ಹಿಂಡಿಯೆಲ್ಲ ಅವುಗಳ ಪಾಲು. (ರೋಹು, ಕಾಟ್ಲಾ ಮೀನಿಗೆ ಈ ತಾಪತ್ರಯವಿಲ್ಲ, ನಿಂತ ನೀರಲ್ಲಿ ಅವು ಮೊಟ್ಟೆಯಿಡುವುದಿಲ್ಲ.) ಕೆರೆಯಲ್ಲೇ ಹುಟ್ಟಿದ ಮರಿಗಳನ್ನು ವರ್ಷ ವರ್ಷ ಉಳಿಸಿಕೊಳ್ಳಬೇಡಿ, ಒಂದೇ ಬಳಗದೊಳಗೆ ಕೂಡುತ್ತ ಬೆಳವಣಿಗೆ ಕುಗ್ಗುತ್ತದೆ.